ಪಿ–52ಕ್ಕೆ ಎಲ್ಲಿಂದ ಬಂತು?

2020ರ ಮಾರ್ಚ್ 26. ಲಾಕ್‌ಡೌನ್‌ನ ಎರಡನೆಯ ದಿನ. ನಂಜನಗೂಡಿನ ಜುಬಿಲಂಟ್ ಔಷಧ ಕಾರ್ಖಾನೆಯ 35 ವರ್ಷದ ನೌಕರರೊಬ್ಬರಿಗೆ ಕೊರೊನಾ ತಗುಲಿದೆ ಎಂದು ಸರ್ಕಾರ ಪ್ರಕಟಿಸಿತು. ರಾಜ್ಯದ ಪಟ್ಟಿಯಲ್ಲಿ ಅವರು ಪಿ–52. ವಿದೇಶಕ್ಕೆ ಹೋಗಿ ಬಂದವರಲ್ಲ. ಹಾಗಾದರೆ ಎಲ್ಲಿಂದ ಬಂತು? ನಮ್ಮ ಸೀಮೆಯ ಜನ ಸರ್ಕಾರದ ಮಾತನ್ನು ಅರ್ಧ ಮಾತ್ರ ನಂಬಲು ಶುರುಮಾಡಿದ್ದು ಈ ಪ್ರಶ್ನೆಯಿಂದಲೇ.

ಕೆಲವೇ ವಾರಗಳಲ್ಲಿ ಕಾರ್ಖಾನೆಯ ನಂಟಿನ ಪ್ರಕರಣಗಳು 70 ದಾಟಿದವು. ಸಾವಿರಕ್ಕೂ ಹೆಚ್ಚು ನೌಕರರು ಮನೆಯೊಳಗೇ ಉಳಿದರು. ಕಚ್ಚಾವಸ್ತು ಚೀನಾದಿಂದ ಬಂದಿತ್ತು, ಕಂಟೇನರ್‌ನಲ್ಲೇ ವೈರಾಣು ಬಂದಿರಬೇಕು ಎಂಬ ಗುಮಾನಿ ಹಬ್ಬಿತು. ಮಾದರಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಗೆ ಹೋಯಿತು. ಅದರಲ್ಲಿ ಸೋಂಕಿಲ್ಲವೆಂದು ವರದಿ ಬಂತು. ಸರಿ, ಕಂಟೇನರ್ ಅಲ್ಲ, ಮತ್ತೆ ಯಾವುದು? ತನಿಖೆಯಾಗಲಿ ಎಂದು ದನಿ ಎತ್ತಿದವರಲ್ಲಿ ಆಡಳಿತ ಪಕ್ಷದವರೇ ಆದ ಸ್ಥಳೀಯ ಶಾಸಕ ಬಿ. ಹರ್ಷವರ್ಧನ್ ಕೂಡ ಇದ್ದರು. ಹಿರಿಯ ಐಎಎಸ್ ಅಧಿಕಾರಿಯನ್ನು ಸರ್ಕಾರ ನೇಮಿಸಿತು. ಮೇ ಮಧ್ಯದ ಹೊತ್ತಿಗೆ ಸೋಂಕಿತರೆಲ್ಲ ಗುಣವಾಗಿ ಮನೆ ಸೇರಿದರು. ವೈದ್ಯರ, ದಾದಿಯರ, ಆಶಾ ಕಾರ್ಯಕರ್ತೆಯರ ಆ ದುಡಿಮೆ ದೊಡ್ಡದು. ಆದರೆ ಊರು ಒಪ್ಪುವಂಥ ಉತ್ತರ ಮಾತ್ರ ಬರಲಿಲ್ಲ.

ಅದೇ ಹೊತ್ತಿನಲ್ಲಿ ಸರ್ಕಾರ ಜನರಿಂದ ಏನೆಲ್ಲ ಕೇಳಿತು ನೋಡಿ. ಹೋಂ ಕ್ವಾರಂಟೈನ್ ಆದವರ ಕೈಗೆ ಮುದ್ರೆ ಒತ್ತಿತು. ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಗಂಟೆಗೊಂದು ಸೆಲ್ಫಿ ಕಳಿಸಿ ಎಂದಿತು. ವಿದೇಶದಿಂದ ಬಂದವರ ಮನೆ ವಿಳಾಸಗಳನ್ನು ಬಹಿರಂಗಪಡಿಸಿತು. ಇದಕ್ಕೆಲ್ಲ ಬಲವಾಗಿ ನಿಂತದ್ದು ಪ್ಲೇಗ್ ಕಾಲದ, 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಪ್ರಜೆ ಎಲ್ಲವನ್ನೂ ಹೇಳಬೇಕು, ದೊರೆ ಏನನ್ನೂ ಹೇಳಬೇಕಿಲ್ಲ ಎಂಬ ಬ್ರಿಟಿಷರ ಕಾಲದ ಧೋರಣೆ ಅದರ ಜತೆಗೇ ಬಂತು.

ನಮ್ಮವರು ಮಾತು ಕೇಳದ ಜನವಲ್ಲ. ಶ್ರೀಕಂಠೇಶ್ವರನ ದೊಡ್ಡ ಜಾತ್ರೆ ಬೇಡವೆಂದಾಗ ಆ ವರ್ಷ ಐದು ತೇರುಗಳೂ ನಿಂತವು. ತಿರುಮಕೂಡಲು ನರಸೀಪುರದ ಸಂಗಮದಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ನಡೆಯುವ ಕುಂಭಮೇಳ 2022ರಲ್ಲಿ ಆಗಲಿಲ್ಲ. 2019ರ ನಂತರ ನಡೆದದ್ದು 2025ರಲ್ಲಿ. ಇಷ್ಟನ್ನು ಬಿಟ್ಟುಕೊಟ್ಟ ಜನರಿಗೆ ತಿಳಿವಳಿಕೆ ಸಾಲದು ಎಂದು ಮೇಲಿನವರು ಅಂದಾಗ ನನಗೆ ಸಿಟ್ಟು ಬರುತ್ತದೆ.

2020ರ ಆಗಸ್ಟ್ 20ರಂದು ನಂಜನಗೂಡು ತಾಲ್ಲೂಕು ಆರೋಗ್ಯಾಧಿಕಾರಿ ಆತ್ಮಹತ್ಯೆ ಮಾಡಿಕೊಂಡರು. ದಿನಕ್ಕಿಷ್ಟು ಪರೀಕ್ಷೆ ಆಗಲೇಬೇಕೆಂಬ ಒತ್ತಡವೇ ಕಾರಣವೆಂದು ಸಹೋದ್ಯೋಗಿ ವೈದ್ಯರು ಬೀದಿಗಿಳಿದರು. ಜಿಲ್ಲಾ ಪಂಚಾಯಿತಿ ಸಿಇಒ ವರ್ಗವಾದರು. ಅಪನಂಬಿಕೆ ಈಗ ಸರ್ಕಾರದ ಮನೆಯೊಳಗೇ ಕಾಲಿಟ್ಟಿತ್ತು. ಗುರಿಯನ್ನು ಮೇಲೆ ಕೂತವರು ಬರೆಯುತ್ತಾರೆ, ಬೈಗುಳ ಕೆಳಗಿನವರ ಪಾಲಾಗುತ್ತದೆ ಎಂದು ವೈದ್ಯರೇ ಹೇಳುವಾಗ, ಹಳ್ಳಿಯವರು ಬೇರೆ ಏನೆಂದುಕೊಳ್ಳಬೇಕಿತ್ತು?

ಮರುವರ್ಷ ಮೇ 2ರ ರಾತ್ರಿ ಪಕ್ಕದ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕ ಮುಗಿಯಿತು. ಸಿಲಿಂಡರ್ ಮೈಸೂರಿನಿಂದ ಬರಬೇಕಿತ್ತು. ಎರಡು ಜಿಲ್ಲೆಗಳ ಆಡಳಿತ ಒಂದನ್ನೊಂದು ದೂರಿಕೊಂಡಿತು. ಆಮ್ಲಜನಕವಿಲ್ಲದೆ ಸತ್ತವರು ಮೂವರೇ ಎಂದು ಸಚಿವರು ಹೇಳಿದರು. ಹೈಕೋರ್ಟ್ ಸೂಚನೆಯಂತೆ ರಚನೆಯಾದ, ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡರ ಸಮಿತಿ 36 ಸಾವುಗಳನ್ನು ಲೆಕ್ಕಕ್ಕೆ ತಂದಿತು. ಮೂರಕ್ಕೂ ಮೂವತ್ತಾರಕ್ಕೂ ನಡುವಿನ ಅಂತರವನ್ನು ಯಾವ ಜಾಗೃತಿ ಅಭಿಯಾನ ತುಂಬೀತು?

ಅಪನಂಬಿಕೆಗೆ ಮದ್ದು ಭಾಷಣವಲ್ಲ, ಕಡತ. ಜುಬಿಲಂಟ್ ಪ್ರಕರಣದ ತನಿಖೆಯ ಕಾಗದಪತ್ರಗಳು ನಂಜನಗೂಡು ತಾಲ್ಲೂಕು ಕಚೇರಿಯಲ್ಲಿ ಯಾರು ಬೇಕಾದರೂ ಓದುವಂತೆ ಕನ್ನಡದಲ್ಲಿ ಸಿಗಬೇಕು. ಮೂಲ ಪತ್ತೆಯಾಗಿಲ್ಲವಾದರೆ, ಏನೇನು ಹುಡುಕಿದೆವು, ಎಲ್ಲಿ ದಾರಿ ತಪ್ಪಿತು ಎಂದಾದರೂ ಬರೆದಿಡಲಿ. ಗೊತ್ತಾಗಲಿಲ್ಲ ಎಂಬ ಪ್ರಾಮಾಣಿಕ ಮಾತನ್ನೂ ಈ ಊರು ನಂಬುತ್ತದೆ. ನಂಬದಿರುವುದು ಮೌನವನ್ನು.