ಮಾಲೀಕನ ನೆರಳಿನಲ್ಲಿ ನಟ: ಗುಬ್ಬಿ ವೀರಣ್ಣನವರ ‘ಸದಾರಮೆ’ಯ ಕಳ್ಳನನ್ನು ಕುರಿತು

ಕನ್ನಡ ವೃತ್ತಿರಂಗಭೂಮಿಯನ್ನು ಕುರಿತ ಚರಿತ್ರೆಗಳಲ್ಲಿ ಗುಬ್ಬಿ ವೀರಣ್ಣನವರ (1891–1972) ಪ್ರಸ್ತಾಪವಿಲ್ಲದ ಪುಸ್ತಕ ದೊರೆಯುವುದು ಕಷ್ಟ. ಆದರೆ ಅಲ್ಲಿ ನಮಗೆ ಎದುರಾಗುವವರು ಬಹುಮಟ್ಟಿಗೆ ಕಂಪನಿಯ ಮಾಲೀಕರಾದ ವೀರಣ್ಣನವರು. 1934ರ ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನು ರಂಗಕ್ಕೆ ತಂದದ್ದು, ಗಂಡಸರೇ ಸ್ತ್ರೀವೇಷ ಕಟ್ಟುತ್ತಿದ್ದ ಕಾಲದಲ್ಲಿ ಸ್ತ್ರೀಯರಿಗೆ ರಂಗದಲ್ಲಿ ಸ್ಥಾನ ಕಲ್ಪಿಸಿದ್ದು, ಮೂಕಿಚಿತ್ರದಿಂದ ತೊಡಗಿ ವಾಕ್ಚಿತ್ರದವರೆಗೆ ಬಂಡವಾಳ ಹೂಡಿದ್ದು, ಇವೆಲ್ಲ ಸವಿಸ್ತಾರವಾಗಿ ದಾಖಲಾಗಿವೆ. ನಟ ವೀರಣ್ಣನವರಾದರೋ ‘ಹಾಸ್ಯಪಾತ್ರಗಳಲ್ಲಿ ಎತ್ತಿದ ಕೈ’ ಎಂಬ ಒಂದು ವಾಕ್ಯದಲ್ಲಿ ಮುಗಿದುಹೋಗುತ್ತಾರೆ. ಈ ಅಸಮತೋಲನ ಹೇಗೆ ಉಂಟಾಯಿತು, ನಟನ ಕಡೆಯಿಂದ ನೋಡಿದರೆ ಕಂಪನಿಯ ಚರಿತ್ರೆ ಹೇಗೆ ಕಂಡೀತು ಎಂಬುದನ್ನು ಒಂದೇ ಪಾತ್ರದ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಗುಬ್ಬಿಯ ಶ್ರೀ ಚನ್ನಬಸವೇಶ್ವರ ನಾಟಕ ಸಂಘ ಆರಂಭವಾದದ್ದು 1884ರಲ್ಲಿ, ಎಂದರೆ ವೀರಣ್ಣನವರು ಹುಟ್ಟುವುದಕ್ಕೂ ಮೊದಲು. ಸಂಘವನ್ನು ಕಟ್ಟಿದವರಲ್ಲಿ ಚಂದಣ್ಣನವರು ಪ್ರಮುಖರು. ಆರರ ಆಸುಪಾಸಿನ ವಯಸ್ಸಿನಲ್ಲಿ ಬಾಲನಟನಾಗಿ ಸೇರಿದ ವೀರಣ್ಣನವರು 1917ರಲ್ಲಿ ಅದರ ಒಡೆತನವನ್ನು ವಹಿಸಿಕೊಂಡರು. ಈ ಎರಡು ಘಟನೆಗಳ ನಡುವಿನ ಸುಮಾರು ಎರಡು ದಶಕಗಳನ್ನು ಚರಿತ್ರಕಾರರು ದಾಟಿಬಿಡುವುದೇ ಹೆಚ್ಚು. ಮಾಲೀಕರಾಗುವ ಮುನ್ನ ಅವರು ಇಪ್ಪತ್ತು ವರ್ಷ ನಟರಾಗಿದ್ದರು. ಓದು, ಸಂಗೀತ, ಹೊಟ್ಟೆಪಾಡು ಎಲ್ಲವೂ ಅವರಿಗೆ ಕಂಪನಿಯೊಳಗೇ ಒದಗಿದುವು. ಬಂಡವಾಳಗಾರನೊಬ್ಬ ನಟನೆಯ ಖಯಾಲಿಗೆ ಬಣ್ಣ ಹಚ್ಚಿದ ಪ್ರಕರಣ ಇದಲ್ಲ.

‘ಸದಾರಮೆ’ಯನ್ನು ಬರೆದವರು ಬೆಳ್ಳಾವೆ ನರಹರಿಶಾಸ್ತ್ರಿಗಳು. ತುಮಕೂರಿಗೆ ಸಮೀಪದ ಬೆಳ್ಳಾವಿಯ ಕವಿ, ಗುಬ್ಬಿಯ ನಟ. ಒಂದೇ ಸೀಮೆಯ ಮಾತನ್ನು ಬಲ್ಲ ಇಬ್ಬರು ಕೂಡಿದ್ದು ಈ ನಾಟಕದ ಮಟ್ಟಿಗೆ ಸಣ್ಣ ಸಂಗತಿಯಲ್ಲ. ಸೆಟ್ಟರ ಮಗಳು ಸದಾರಮೆ ರಾಜಕುಮಾರ ಜಯವೀರನ ಕೈಹಿಡಿದು, ರಾಜ್ಯಭ್ರಷ್ಟನಾದ ಗಂಡನಿಂದ ಅಗಲಿ, ಕಳ್ಳನ ಕೈಗೆ ಸಿಕ್ಕಿ, ಬುದ್ಧಿಬಲದಿಂದ ಪಾರಾಗಿ ಗಂಡುವೇಷ ತೊಡುವ ಕಥೆ ಇದು. ವೀರಣ್ಣನವರು ಇದರಲ್ಲಿ ವಹಿಸಿದ್ದು ಸದಾರಮೆಯ ಅಣ್ಣ ಆದಿಮೂರ್ತಿಯ ಪಾತ್ರವನ್ನು ಮತ್ತು ಕಳ್ಳನ ಪಾತ್ರವನ್ನು. ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ನಾಡಿನ ಅತಿ ದೊಡ್ಡ ಕಂಪನಿಯ ಒಡೆಯನಿಗೆ ಬೇಕಾದ ಪಾತ್ರವನ್ನು ಆಯ್ದುಕೊಳ್ಳುವ ಅಧಿಕಾರವಿತ್ತು. ಕಿರೀಟ ಧರಿಸಿ ಜಯವೀರನಾಗುವುದನ್ನು ತಡೆಯುವವರು ಯಾರೂ ಇರಲಿಲ್ಲ. ಆದರೂ ಅವರು ಹೆಸರಾದದ್ದು ಕಳ್ಳನಾಗಿ.

ಇದನ್ನು ವಿನಯವೆಂದು ಕೊಂಡಾಡುವ ವಾಡಿಕೆಯುಂಟು. ವಿನಯಕ್ಕಿಂತ ಇದು ರಂಗದ ಒಳಗಣ ರಚನೆಯ ಅರಿವು ಎಂದು ನನ್ನ ಅನಿಸಿಕೆ. ಕಂಪನಿ ನಾಟಕದಲ್ಲಿ ನಾಯಕನ ಪಾತ್ರವನ್ನು ಜನ ಅಳೆಯುತ್ತಿದ್ದುದು ಗಾಯನದಿಂದ. ಹಾಡು ಮೆಚ್ಚಿಕೆಯಾದರೆ ‘ವನ್ಸ್ ಮೋರ್’ ಕೂಗು ಏಳುತ್ತಿತ್ತು, ಕಥೆ ನಿಂತು ಕಂದವೋ ಮಟ್ಟೋ ಮತ್ತೊಮ್ಮೆ ಕೇಳಿಬರುತ್ತಿತ್ತು. ನಾಯಕ ಆಡುವ ಗದ್ಯ ಗ್ರಾಂಥಿಕವಾದುದು. ಅದರಲ್ಲಿ ಅಕ್ಷರ ಬದಲಿಸುವಂತಿಲ್ಲ. ಹಾಸ್ಯಪಾತ್ರದ ಸ್ಥಿತಿ ಬೇರೆ. ಅದರ ಬಲ ಆಡುಮಾತಿನಲ್ಲಿದೆ. ಆಯಾ ಊರಿನ ಸುದ್ದಿ, ಎದುರು ಕುಳಿತ ಪ್ರೇಕ್ಷಕರ ಸ್ವಭಾವ, ಅಂದಿನ ಧಾರಣೆ ಎಲ್ಲವೂ ಅದರೊಳಗೆ ನುಸುಳಬಹುದು. ಹಾಗಾಗಿ ಬರೆದ ಪಠ್ಯ ನಾಯಕನನ್ನು ಆಳುತ್ತದೆ. ಕಳ್ಳನ ಪಾತ್ರದಲ್ಲಿ ನಟನೇ ಪಠ್ಯವನ್ನು ಆಳುತ್ತಾನೆ. ಊರಿಂದೂರಿಗೆ ಮೊಕ್ಕಾಂ ಬದಲಿಸುತ್ತ ಒಂದೇ ನಾಟಕವನ್ನು ವರ್ಷಾನುಗಟ್ಟಲೆ ಆಡಬೇಕಾದ ಕಂಪನಿಗೆ ಪ್ರತಿರಾತ್ರಿ ಹೊಸದಾಗುವ ಪಾತ್ರವೊಂದು ಅವಶ್ಯ. ಆ ಪಾತ್ರವನ್ನು ಮಾಲೀಕನೇ ಹಿಡಿದಿದ್ದರೆ ಪ್ರೇಕ್ಷಕರ ನಾಡಿಯೂ ಅವನ ಕೈಯಲ್ಲೇ ಇರುತ್ತದೆ. ತೆಲುಗು ಸೀಮೆಯಲ್ಲಿಯೂ ಆಡಿ ಗೆದ್ದು ‘ಕರ್ನಾಟಕಾಂಧ್ರ ನಾಟಕ ಸಾರ್ವಭೌಮ’ ಎನಿಸಿಕೊಂಡವರಿಗೆ ಈ ನಾಡಿಜ್ಞಾನ ಎಷ್ಟು ಮುಖ್ಯವಾಗಿದ್ದಿರಬೇಕೆಂಬುದನ್ನು ಊಹಿಸಬಹುದು.

ಕಳ್ಳನಿಗೆ ಇನ್ನೊಂದು ಅನುಕೂಲವೂ ಇದೆ. ಅವನು ಕಥೆಯ ನಡುವೆ ಬಂದು ಹೋಗುವವನು. ಉಳಿದ ಹೊತ್ತು ಪರದೆಯ ಹಿಂದೆ ನಿಂತು ಗಲ್ಲಾಪೆಟ್ಟಿಗೆಯಿಂದ ದೀಪದವರೆಗೆ ಎಲ್ಲವನ್ನೂ ಗಮನಿಸಬಹುದು! ಇದು ಲಘುವಾದ ಮಾತೆಂದು ತೋರಿದರೂ ನಟ-ಮಾಲೀಕರ ಚರಿತ್ರೆಯಲ್ಲಿ ಅಲಕ್ಷಿಸತಕ್ಕದ್ದಲ್ಲ.

ಒಂದೇ ಪಾತ್ರ ನಟನನ್ನು ಬೆಳೆಸುತ್ತದೆಯೋ ನುಂಗುತ್ತದೆಯೋ ಎಂಬ ಪ್ರಶ್ನೆ ಕನ್ನಡಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಅಮೆರಿಕದ ನಟ ಜೇಮ್ಸ್ ಓನೀಲ್ 1883ರಲ್ಲಿ ‘ಮಾಂಟೆ ಕ್ರಿಸ್ಟೊ’ ನಾಟಕದ ನಾಯಕನ ಪಾತ್ರ ವಹಿಸಿ, ಬಳಿಕ ಆ ನಾಟಕದ ಹಕ್ಕನ್ನೇ ಕೊಂಡು, ಅದನ್ನೇ ಊರೂರಿಗೆ ಒಯ್ದರು. ಅವರು ಆ ಪಾತ್ರವನ್ನು ಸುಮಾರು 6000 ಬಾರಿ ಅಭಿನಯಿಸಿದರೆಂಬುದು ರೂಢಿಯ ಲೆಕ್ಕ. ಹಣ ಬಂತು, ಷೇಕ್ಸ್‌ಪಿಯರ್ ಪಾತ್ರಗಳ ನಟನಾಗಬಹುದಾಗಿದ್ದವರು ಒಂದೇ ವೇಷದೊಳಗೆ ಉಳಿದರು. ಅವರ ಮಗ ಯೂಜೀನ್ ಓನೀಲ್ ಈ ಕೊರಗನ್ನು ‘ಲಾಂಗ್ ಡೇಸ್ ಜರ್ನಿ ಇನ್‌ಟು ನೈಟ್’ ನಾಟಕದ ಜೇಮ್ಸ್ ಟೈರೋನ್ ಪಾತ್ರದಲ್ಲಿ ಇಳಿಸಿದರು. 1956ರಲ್ಲಿ, ನಾಟಕಕಾರರು ತೀರಿಕೊಂಡ ಮೂರು ವರ್ಷಗಳ ಬಳಿಕ, ಬ್ರಾಡ್‌ವೇ ರಂಗದಲ್ಲಿ ಫ್ರೆಡ್ರಿಕ್ ಮಾರ್ಚ್ ಆ ಪಾತ್ರವನ್ನು ಅಭಿನಯಿಸಿದರು. ಅಲ್ಲಿನ ನಟ-ಮಾಲೀಕನ ದುರಂತಕ್ಕೆ ಹೀಗೆ ಒಂದು ಮಹಾನಾಟಕ ದೊರೆಯಿತು. ನಮ್ಮಲ್ಲಿ ಅಂಥ ನಾಟಕ ಬರಲಿಲ್ಲವೆಂಬುದು ಕೊರತೆಯಿರಬಹುದು. ಆದರೆ ವೀರಣ್ಣನವರ ವಿಷಯದಲ್ಲಿ ಅಂಥ ದುರಂತವೂ ಸಂಭವಿಸಲಿಲ್ಲ. ಓನೀಲ್ ಹಿಡಿದಿದ್ದು ನಾಟಕದ ಕೇಂದ್ರವನ್ನು. ಅದು ಪ್ರತಿರಾತ್ರಿ ಒಂದೇ ಆಗಿರಬೇಕಿತ್ತು. ವೀರಣ್ಣನವರು ಹಿಡಿದಿದ್ದು ಅಂಚನ್ನು. ಕೇಂದ್ರವನ್ನು ಅವರು ಇತರರಿಗೆ ಬಿಟ್ಟುಕೊಟ್ಟರು.

ಹೀಗೆ ಬಿಟ್ಟುಕೊಟ್ಟ ಜಾಗದಲ್ಲಿ ಬೆಳೆದವರನ್ನು ನೆನೆದರೆ ಈ ಮಾತು ಸ್ಪಷ್ಟವಾಗುತ್ತದೆ. ಬಿ. ಜಯಮ್ಮನವರು ನಾಯಕಿಯಾಗಿ ಕಂಪನಿಯ ಕೀರ್ತಿಯನ್ನು ಹೊತ್ತರು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ರೌದ್ರಪಾತ್ರಗಳಿಗೆ ಪ್ರಸಿದ್ಧರಾದರು. ಅವರ ಮಗ ಮುತ್ತುರಾಜ ಎಳೆಯ ವಯಸ್ಸಿನಲ್ಲೇ ಇಲ್ಲಿ ಬಣ್ಣ ಹಚ್ಚಿದರು. ತಿಪಟೂರಿನ ನರಸಿಂಹರಾಜು, ಜಿ. ವಿ. ಅಯ್ಯರ್ ಮೊದಲಾದವರೂ ಈ ಕಂಪನಿಯಲ್ಲಿ ಪಳಗಿದವರೇ. ಕಂಪನಿಯ ನಾಟಕವಾಗಿದ್ದ ‘ಬೇಡರ ಕಣ್ಣಪ್ಪ’ 1954ರಲ್ಲಿ ಚಲನಚಿತ್ರವಾದಾಗ ಮುತ್ತುರಾಜ ‘ರಾಜ್‌ಕುಮಾರ್’ ಎಂಬ ಹೆಸರಿನ ನಾಯಕರಾದರು. ನಿರ್ಮಾಣದ ಹಿಂದೆ ವೀರಣ್ಣನವರಿದ್ದರು. ಶತಮಾನದ ನಡುಘಟ್ಟದಲ್ಲಿ ಸಿನಿಮಾ ಕಂಪನಿಗಳ ಪ್ರೇಕ್ಷಕರನ್ನು ಸೆಳೆದುಕೊಳ್ಳುತ್ತಿದ್ದಾಗ ಅದೇ ಸಿನಿಮಾಕ್ಕೆ ನಟರನ್ನು ಒದಗಿಸಿದ್ದೂ ಕಂಪನಿಯೇ ಎಂಬುದು ಗಮನಾರ್ಹ.

ಸಿನಿಮಾ ವೀರಣ್ಣನವರ ಅಭಿನಯವನ್ನು ಹಿಡಿದಿಡಲಿಲ್ಲವೇ ಎಂದು ಕೇಳಬಹುದು. 1935ರ ‘ಸದಾರಮೆ’ ವಾಕ್ಚಿತ್ರದಲ್ಲಿ ಅವರು ನಟಿಸಿದ್ದರು. ಆಗ ಅವರಿಗೆ ನಲವತ್ತನಾಲ್ಕು ವರ್ಷ. ಆದರೆ ಕಳ್ಳನ ಪಾತ್ರದ ಜೀವ ಎದುರಿನ ಜನರ ನಗೆಗೆ ಮಾರುತ್ತರ ಕೊಡುವುದರಲ್ಲಿದೆ. ಕ್ಯಾಮೆರಾ ನಗುವುದಿಲ್ಲ. ಅಚ್ಚಾದ ನಾಟಕದ ಪುಸ್ತಕದಲ್ಲಿಯೂ ಅದು ಸಿಗುವುದಿಲ್ಲ. ಅಲ್ಲಿರುವುದು ಮಾತಿನ ಎಲುಬು ಮಾತ್ರ. ನಟ ವೀರಣ್ಣನವರು ಚರಿತ್ರೆಯಿಂದ ಜಾರಿಹೋದುದಕ್ಕೆ ಮುಖ್ಯ ಕಾರಣ ಇಲ್ಲಿದೆ. ಆನೆ ಕುದುರೆಗಳನ್ನು ಎಣಿಸಬಹುದು, ಒಡೆತನಕ್ಕೆ ವರ್ಷವನ್ನು ನಮೂದಿಸಬಹುದು. ಒಂದು ರಾತ್ರಿಯ ಮಾರುತ್ತರಕ್ಕೆ ದಾಖಲೆಯಿಲ್ಲ. ಇದಕ್ಕೆ ನಮ್ಮ ವಿಮರ್ಶೆಯ ಧೋರಣೆಯೂ ಸೇರಿತು. ಶ್ರೀರಂಗರಂಥ ಹವ್ಯಾಸಿ ರಂಗಭೂಮಿಯ ಚಿಂತಕರು ಕಂಪನಿ ನಾಟಕದ ಆಡಂಬರವನ್ನು ಟೀಕಿಸಿದ್ದು ಅಕಾರಣವಲ್ಲ. ಆದರೆ ಆಡಂಬರವನ್ನು ತಳ್ಳಿಹಾಕುವ ಭರದಲ್ಲಿ ಅದರ ನಡುವೆ ಯಾವ ಪರಿಕರವೂ ಇಲ್ಲದೆ ನಿಂತಿದ್ದ ಕಳ್ಳನನ್ನು ಯಾರೂ ನೋಡಲಿಲ್ಲ. ಆನೆಯನ್ನು ಹೊಗಳಿದವರಿಗೂ ತೆಗಳಿದವರಿಗೂ ಕಂಡದ್ದು ಆನೆಯೇ.

ವೀರಣ್ಣನವರು ತಮ್ಮ ಆತ್ಮಕಥನಕ್ಕೆ ಇಟ್ಟ ಹೆಸರು ‘ಕಲೆಯೇ ಕಾಯಕ’. ಶರಣರ ಪದವನ್ನು ನಟನೆಗೆ ಅನ್ವಯಿಸುವ ಈ ಶೀರ್ಷಿಕೆಯಲ್ಲಿ ಮಾಲೀಕನಿಗಿಂತ ನಟನ ದನಿಯೇ ಮೇಲಾಗಿದೆ. ಕಾಯಕವೆಂದರೆ ಒಡೆತನವಲ್ಲ, ದಿನನಿತ್ಯ ಮಾಡುವ ದುಡಿಮೆ.

ದಾಖಲೆಯಿಲ್ಲದಲ್ಲಿ ನಟನೆ ಉಳಿಯುವುದು ಇನ್ನೊಂದು ದೇಹದಲ್ಲಿ. ಹುಡುಗನಾಗಿದ್ದಾಗ ಮನೆಬಿಟ್ಟು ಬಂದು ಕಂಪನಿ ಸೇರಿದ ಬಿ. ವಿ. ಕಾರಂತರನ್ನು ವೀರಣ್ಣನವರೇ ಬನಾರಸಿಗೆ ಓದಲು ಕಳುಹಿಸಿದರು. ಕಂಪನಿಯ ರಂಗಸಂಗೀತದ ಸಂಸ್ಕಾರ ಅವರ ಮೂಲಕ ಆಧುನಿಕ ರಂಗಭೂಮಿಗೆ ಹರಿದದ್ದು ಎಲ್ಲರಿಗೂ ತಿಳಿದ ಸಂಗತಿ. ಕಳ್ಳನ ಪಾತ್ರ ಬೇರೆ ದಾರಿ ಹಿಡಿಯಿತು. ವೀರಣ್ಣನವರ ಮಗಳು ಜಿ. ವಿ. ಮಾಲತಮ್ಮನವರ ಪುತ್ರಿ, ರಾಷ್ಟ್ರೀಯ ನಾಟಕ ಶಾಲೆಯಲ್ಲಿ ತರಬೇತಿ ಪಡೆದ ಬಿ. ಜಯಶ್ರೀಯವರು ‘ಸದಾರಮೆ’ಯನ್ನು ಮತ್ತೆ ರಂಗಕ್ಕೆ ತಂದಾಗ ತಾತನ ಪಾತ್ರವನ್ನು ತಾವೇ ವಹಿಸಿದರು. ಗಂಡಸರು ಹೆಣ್ಣಾಗುತ್ತಿದ್ದ ರಂಗದಲ್ಲಿ ಹೆಣ್ಣನ್ನು ಹೆಣ್ಣಾಗಿ ನಿಲ್ಲಿಸಿದವರ ಮೊಮ್ಮಗಳು ಗಂಡಾಗಿ, ಅದೂ ಕಳ್ಳನಾಗಿ, ಪ್ರವೇಶಿಸಿದರು. ಅಲ್ಲಿ ಆನೆಯಿರಲಿಲ್ಲ. ಮಾತು, ನಡಿಗೆ, ಪ್ರೇಕ್ಷಕರ ಕಡೆ ಒಂದು ಓರೆನೋಟ ಇಷ್ಟರಲ್ಲೇ ನಗು ಹುಟ್ಟುತ್ತಿತ್ತು.