ಚೆಂಡಿಗೂ ಮುನ್ನ ಬಂದ ಬೆಲೆ

2024ರ ಮಾರ್ಚ್ 21. ದಕ್ಷಿಣ ಕೊರಿಯಾದ ಸೋಲ್ ನಗರದ ಗೋಚೋಕ್ ಸ್ಕೈ ಡೋಮ್. ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಹೊಸ ಪಿಚರ್, ಜಪಾನಿನ ಯೋಶಿನೊಬು ಯಮಾಮೊಟೊ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಮೊದಲ ಸಲ ಚೆಂಡು ಹಿಡಿದು ನಿಂತರು. ಒಂದೇ ಇನಿಂಗ್ಸ್. 43 ಎಸೆತ. ಐದು ರನ್. ಸ್ಯಾನ್ ಡಿಯಾಗೊ ಪಾಡ್ರೆಸ್ ಬ್ಯಾಟರ್‌ಗಳು ಚೆನ್ನಾಗಿಯೇ ದಂಡಿಸಿದ್ದರು. ಅಲ್ಲಿಗೆ ಅವರ ಆಟ ಮುಗಿಯಿತು.

ಇದಕ್ಕೂ ಮೂರು ತಿಂಗಳ ಹಿಂದೆ ಡಾಡ್ಜರ್ಸ್ ಅವರೊಂದಿಗೆ ಮಾಡಿಕೊಂಡ ಒಪ್ಪಂದ 12 ವರ್ಷಕ್ಕೆ 32.5 ಕೋಟಿ ಡಾಲರ್, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 2,700 ಕೋಟಿ ರೂಪಾಯಿ. ಅಲ್ಲಿಯವರೆಗೆ ಪಿಚರ್‌ಗಳಲ್ಲಿ ಅತಿ ದೊಡ್ಡ ಮೊತ್ತ ಗೆರಿಟ್ ಕೋಲ್ ಅವರದು. ಅದಕ್ಕಿಂತ ಇದು ಹತ್ತು ಲಕ್ಷ ಡಾಲರ್ ಹೆಚ್ಚು. ಅದೂ ಮೇಜರ್ ಲೀಗ್‌ನಲ್ಲಿ ಒಂದು ಚೆಂಡನ್ನೂ ಎಸೆಯದವರಿಗೆ! ಅದೇ ವಾರ ದುಬೈನ ಐಪಿಎಲ್ ಹರಾಜಿನಲ್ಲಿ ಮಿಚೆಲ್ ಸ್ಟಾರ್ಕ್ 24.75 ಕೋಟಿ ರೂಪಾಯಿಗೆ ಹೋದಾಗ ನಾವಿಲ್ಲಿ ಮೂಗಿನ ಮೇಲೆ ಬೆರಳಿಟ್ಟಿದ್ದೆವು.

ನಮ್ಮ ಹಳ್ಳಿಗಳಲ್ಲಿ ಹಿಂದೆ ಗಂಡಿನವರು ಹೆಣ್ಣಿನ ಮನೆಗೆ ತೆರ ಕೊಟ್ಟು ಮದುವೆ ಮಾಡಿಕೊಳ್ಳುತ್ತಿದ್ದರು. ಜಪಾನಿನ ಆಟಗಾರ ತವರು ತಂಡದೊಂದಿಗಿನ ಅವಧಿ ಮುಗಿಯುವ ಮೊದಲೇ ಅಮೆರಿಕಕ್ಕೆ ಹೊರಟರೆ ನಡೆಯುವುದೂ ಹೆಚ್ಚುಕಡಿಮೆ ಅದೇ. 1998ರಿಂದ ಇರುವ ಈ ಏರ್ಪಾಟಿಗೆ ‘ಪೋಸ್ಟಿಂಗ್’ ಎಂದು ಹೆಸರು. ತವರು ತಂಡ ಒಪ್ಪಬೇಕು, ಕೊಂಡ ತಂಡ ಅದಕ್ಕೆ ಪ್ರತ್ಯೇಕ ಹಣ ಕೊಡಬೇಕು. ಈಗಿನ ದರ: ಒಪ್ಪಂದದ ಮೊದಲ 2.5 ಕೋಟಿ ಡಾಲರ್‌ಗೆ ಶೇ 20, ನಂತರದ 2.5 ಕೋಟಿಗೆ ಶೇ 17.5, ಉಳಿದದ್ದಕ್ಕೆ ಶೇ 15. ಹೀಗೆ ಯಮಾಮೊಟೊ ಅವರ ತವರಾದ ಒರಿಕ್ಸ್ ಬಫಲೋಸ್ ತಂಡಕ್ಕೆ ಸಂದದ್ದು ಸುಮಾರು 5.06 ಕೋಟಿ ಡಾಲರ್. 2016ರ ಆಯ್ಕೆಯಲ್ಲಿ ಒರಿಕ್ಸ್ ಈ ಹುಡುಗನನ್ನು ಆರಿಸಿಕೊಂಡಿದ್ದು ನಾಲ್ಕನೇ ಸುತ್ತಿನಲ್ಲಿ.

ಡಾಡ್ಜರ್ಸ್ ಅಷ್ಟು ಹಣ ಸುರಿಯಲು ಕಾರಣ ವಯಸ್ಸು ಮತ್ತು ತೋಳು. ಅಮೆರಿಕದ ಪಿಚರ್‌ಗಳು ಮುಕ್ತ ಮಾರುಕಟ್ಟೆಗೆ ಬರುವ ಹೊತ್ತಿಗೆ ಸಾಮಾನ್ಯವಾಗಿ ಮೂವತ್ತರ ಆಸುಪಾಸಿನಲ್ಲಿರುತ್ತಾರೆ. ಯಮಾಮೊಟೊ ಅವರಿಗೆ ಆಗಿನ್ನೂ 25. ಜಪಾನಿನಲ್ಲಿ ಪಿಚರ್‌ಗೆ ಸಿಗುವ ಅತಿ ದೊಡ್ಡ ಗೌರವವಾದ ಸವಾಮುರಾ ಪ್ರಶಸ್ತಿ 2021ರಿಂದ ಸತತ ಮೂರು ವರ್ಷ ಅವರ ಪಾಲಾಗಿತ್ತು. ಎತ್ತರ ಬರೀ 178 ಸೆಂಟಿಮೀಟರ್. ಆರಡಿ ದಾಟಿದ ದೈತ್ಯರ ನಡುವೆ ಗಿಡ್ಡರೇ. ಭಾರ ಎತ್ತುವ ಕಸರತ್ತಿನ ಗೊಡವೆಗೂ ಹೋಗುವುದಿಲ್ಲ. ಬದಲಿಗೆ ಮೈಯನ್ನು ಬಿಲ್ಲಿನಂತೆ ಬಗ್ಗಿಸಿ, ಹಗುರವಾದ ಪುಟ್ಟ ಭರ್ಜಿಯೊಂದನ್ನು ಎಸೆದು ಎಸೆದು ಅಭ್ಯಾಸ ಮಾಡುತ್ತಾರೆ. ಭರ್ಜಿ ಅಲುಗಾಡದೆ ನೇರ ಹೋಗಬೇಕಾದರೆ ತೋಳೊಂದರ ಬಲ ಸಾಲದು, ಇಡೀ ಮೈ ಒಂದೇ ತಾಳಕ್ಕೆ ತಿರುಗಬೇಕು.

ಆ ತೋಳಿನ ಬೆಲೆ ಕಂಡದ್ದು 2025ರ ವರ್ಲ್ಡ್ ಸೀರೀಸ್‌ನಲ್ಲಿ, ಅಂದರೆ ಲೀಗ್‌ನ ಅಂತಿಮ ಸರಣಿಯಲ್ಲಿ. ಎದುರಾಳಿ ಟೊರೊಂಟೊ ಬ್ಲೂ ಜೇಸ್. ಎರಡನೇ ಪಂದ್ಯದಲ್ಲಿ ಒಂಬತ್ತೂ ಇನಿಂಗ್ಸ್ ಯಮಾಮೊಟೊ ಒಬ್ಬರೇ ಎಸೆದರು. ಆರನೆಯದರಲ್ಲಿ 96 ಎಸೆತ ಹಾಕಿ ಗೆಲ್ಲಿಸಿದರು. ಅಷ್ಟು ಎಸೆದ ಪಿಚರ್‌ಗೆ ನಾಲ್ಕೈದು ದಿನ ವಿಶ್ರಾಂತಿ ಕೊಡುವುದು ರೂಢಿ. ಆದರೆ ಮರುರಾತ್ರಿಯೇ ಏಳನೇ ಪಂದ್ಯದ ಒಂಬತ್ತನೇ ಇನಿಂಗ್ಸ್‌ನಲ್ಲಿ, ಸ್ಕೋರ್ ಸಮನಾಗಿ, ಎದುರಾಳಿಯ ಇಬ್ಬರು ಬೇಸ್ ಮೇಲಿದ್ದಾಗ ಮತ್ತೆ ಅವರನ್ನೇ ಕರೆದರು. ಹನ್ನೊಂದನೇ ಇನಿಂಗ್ಸ್‌ನಲ್ಲಿ ಡಾಡ್ಜರ್ಸ್ 5-4ರಿಂದ ಮುಂದಿತ್ತು. ಟೊರೊಂಟೊದ ಅಲೆಹಾಂಡ್ರೊ ಕರ್ಕ್ ಅವರ ಬ್ಯಾಟು ಮುರಿದು ಚೆಂಡು ನೆಲದ ಮೇಲೆ ಉರುಳಿತು. ಡಾಡ್ಜರ್ಸ್‌ನ ಮೂಕಿ ಬೆಟ್ಸ್ ಅದನ್ನು ಹೆಕ್ಕಿ, ಎರಡನೇ ಬೇಸ್ ತುಳಿದು, ಮೊದಲ ಬೇಸ್‌ಗೆ ಎಸೆದರು. ಒಂದೇ ಚೆಂಡಿಗೆ ಇಬ್ಬರು ಔಟ್, ಕಪ್ ಡಾಡ್ಜರ್ಸ್‌ಗೆ.

ಆ ರಾತ್ರಿ ದಣಿದ ತೋಳಿನಿಂದ ಯಮಾಮೊಟೊ ಎಸೆದದ್ದು 34 ಚೆಂಡು. ಸೋಲ್‌ನಲ್ಲಿ ಒಂದೇ ಇನಿಂಗ್ಸ್‌ಗೆ ಖರ್ಚಾದದ್ದಕ್ಕಿಂತ ಒಂಬತ್ತು ಕಡಿಮೆ. ಒಪ್ಪಂದದಲ್ಲಿ ಆಗ ಇನ್ನೂ ಹತ್ತು ವರ್ಷ ಬಾಕಿಯಿತ್ತು.