ಲೇಹ್ಯವೂ ಮಾಜೂನೂ

ಸಿಂಧನೂರು, ಲಿಂಗಸುಗೂರು, ಮಸ್ಕಿಗಳನ್ನೊಳಗೊಂಡ ರಾಯಚೂರು ಸೀಮೆಯು 1948ರ ವರೆಗೆ ನಿಜಾಮರ ಸಂಸ್ಥಾನಕ್ಕೆ ಸೇರಿದ್ದಿತು. ಅಲ್ಲಿ ಆಯುರ್ವೇದದೊಡನೆ ಯುನಾನಿ ವೈದ್ಯಕ್ಕೂ ಆಶ್ರಯವಿದ್ದಿತು. ಪಂಡಿತರು ಲೇಹ್ಯವೆಂಬ ಸಿಹಿಮದ್ದಿನ ಬಗೆಯನ್ನೇ ಹಕೀಮರು ಮಾಜೂನೆಂದರು.

ಸಂಸ್ಕೃತದ ‘ಲಿಹ್’ ಧಾತುವಿಗೆ ನೆಕ್ಕುವುದೆಂದರ್ಥ. ನೆಕ್ಕಿ ಸೇವಿಸತಕ್ಕದ್ದು ಲೇಹ್ಯ. ಅರಬ್ಬಿಯ ‘ಅಜನ’ ಎಂದರೆ ಹಿಟ್ಟನ್ನು ನಾದುವುದು, ನಾದಿದುದು ಮಾಜೂನು. ಒಂದು ಹೆಸರು ರೋಗಿಯ ನಾಲಗೆಯನ್ನು ನೋಡಿ ಹುಟ್ಟಿತು, ಮತ್ತೊಂದು ಮದ್ದು ಮಾಡುವವನ ಕೈಯನ್ನು ನೋಡಿ.

ಕಷಾಯದಲ್ಲಿ ಬೆಲ್ಲವನ್ನೋ ಸಕ್ಕರೆಯನ್ನೋ ಪಾಕಕ್ಕೆ ತಂದು, ಎಳೆ ಬಂದಾಗ ಚೂರ್ಣವನ್ನು ಬೆರೆಸಿ, ಆರಿದ ಮೇಲೆ ಜೇನನ್ನು ಕೂಡಿಸುವುದು ಲೇಹ್ಯದ ಕ್ರಮ. ನೀರಿಗೆ ಬಿಟ್ಟರೆ ಮುಳುಗಬೇಕು. ಬೆರಳೊತ್ತಿದರೆ ಗುರುತು ಉಳಿಯಬೇಕು. ಸಿಹಿಯು ಕಹಿಯನ್ನು ಮರೆಸುವುದಲ್ಲದೆ ಮದ್ದನ್ನು ಕೆಡದಂತೆಯೂ ಕಾಯುವುದು.

ಆದರೆ ಈ ಹೆಸರುಗಳು ಮಾಡುವ, ಸೇವಿಸುವ ರೀತಿಯನ್ನು ಹೇಳುವುವೇ ಹೊರತು ಒಳಗಿನ ವಸ್ತುವನ್ನಲ್ಲ. ನೆಲ್ಲಿಕಾಯಿಯ ಚ್ಯವನಪ್ರಾಶವೂ ಲೇಹ್ಯವೇ. ಭಂಗಿ ಬೆರೆಸಿದುದೂ ಮಾಜೂನೇ. ಮಧುಮೇಹಿಗಳಿಗೆ ಅದರ ಸಕ್ಕರೆಯೂ, ವರ್ಷ ತುಂಬದ ಕೂಸಿಗೆ ಅದರ ಜೇನೂ ಅಪಾಯಕರ. ಆದುದರಿಂದ ಭರಣಿಯ ಮೇಲಿನ ಹೆಸರೊಂದನ್ನೇ ನಂಬದೆ, ಒಳಗೇನಿದೆಯೆಂದು ವೈದ್ಯರನ್ನು ಕೇಳಿಯೇ ನಾಲಗೆಗೆ ಹಚ್ಚತಕ್ಕದ್ದು.